ಮೇಣದ ವಾಸನೆ

ನಿಂತಿತು, ನೆಲಮಾಳಿಗೆಯ ಫ್ಯಾನು ನಿಂತಿತು, ಬೆಳಗಿನಿಂದ ನೆಲದಡಿಯಿಂದ ಗುಂಯ್ ಎನ್ನುತ್ತಿದ್ದ ಸದ್ದು ಈಗ ಇಲ್ಲ, ಇದ್ದಾಗ ಕಿವಿಗೆ ಬೀಳದ ಸದ್ದು ನಿಂತಾಗ ಬೀಳುತ್ತದೆ — ಯಾರು ನಿಲ್ಲಿಸಿದರು, ಇವರೇ, ಇನ್ನಾರು, ಗೋಡೆಯ ಸ್ವಿಚ್ಚಿನಿಂದ ಕೈ ತೆಗೆಯುತ್ತಾ ನಗುತ್ತಿದ್ದಾರೆ, ಆ ಗಲಾಟೆಯಲ್ಲಿ ರುಚಿ ನೋಡೋದು ಹೇಗೆ ಸಾರ್, ಈಗ ನಿಧಾನವಾಗಿ ನೋಡಿ, ಮತ್ತೆ ಆ ವೈನ್ ವ್ಯಾಪಾರಿ, ದೊಡ್ಡ ಊರಿನಿಂದ ಕಾರು ಮಾಡಿಕೊಂಡು ಬಂದವನು, ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದ, ಅದರೊಳಗೆ ಮೂಗು ತೂರಿಸಿದ, ಒಂದು ಗುಟುಕು ಬಾಯಲ್ಲಿ ಹೊರಳಿಸಿ ಪಕ್ಕದ ಪಾತ್ರೆಗೆ ಉಗಿದ. ಉಗಿಯುವುದು ಅವರ ಪದ್ಧತಿಯಂತೆ, ಅಮಲೇರಿದರೆ ನಾಲಿಗೆ ಸುಳ್ಳು ಹೇಳುತ್ತದಂತೆ, ಇರಲಿ, ಆದರೆ ಅದು ನನ್ನ ಮಗ ಹಿಂಡಿದ ರಸ, ಅವನ ಕೈಯ ಕೊನೆಯ ಬಿಳಿ ವೈನು, ಹೋದ ವರ್ಷ ಅದು ಪೀಪಾಯಿಯಲ್ಲಿ ಉಕ್ಕುತ್ತಿದ್ದಾಗಲೇ ಅವನು ಹೋದ, ಅದನ್ನು ಉಗಿದು ಇವನು ತುಟಿ ಒರೆಸಿಕೊಂಡು ಹೇಳುತ್ತಾನೆ, ಆಹಾ, ಎಷ್ಟು ಶುದ್ಧ ಸಾರ್, ಒಂದು ಚೂರು ಹೊಗೆ ಇಲ್ಲ, ಧೂಳಿಲ್ಲ, ಬರೀ ಹೂವು. ಇವರು ಮೂಗನ್ನು ಬೆರಳಿನಿಂದ ತಟ್ಟಿಕೊಂಡರು, ಎಲ್ಲಾ ಇದರ ಕೃಪೆ ಸಾರ್. ದೇವರೇ, ನಿನ್ನ ಹೆಸರೂ ಹೇಳಲಿಲ್ಲ, ಮಗನ ಹೆಸರೂ ಹೇಳಲಿಲ್ಲ, ಮೂಗಿನ ಹೆಸರು ಹೇಳಿದರು.

ಮಗಳು ಕೆಳಗಿದ್ದಾಳೆ. ಇನ್ನೊಂದು ಬಾಟ್ಲಿ ತಗೊಂಡು ಬಾಮ್ಮ ಅಂದರು, ಇಳಿದು ಹೋದಳು, ಅವಳು ನೆಲಮಾಳಿಗೆಯಲ್ಲಿ ಇರುವಾಗಲೇ ಫ್ಯಾನು ನಿಲ್ಲಿಸಿದರಲ್ಲ — ಈ ವರ್ಷದ ರಸ ಅಲ್ಲಿ ಉಕ್ಕುತ್ತಿದೆ, ಉಕ್ಕುವ ರಸ ಗಾಳಿಯನ್ನು ಕೊಲ್ಲುತ್ತದೆ, ಅದರಿಂದ ಏಳುವ ಕೆಟ್ಟ ಗಾಳಿ ಭಾರ, ನೀರಿನ ಹಾಗೆ ನೆಲ ಹಿಡಿದು ನಿಲ್ಲುತ್ತದೆ, ಕಣ್ಣಿಗೆ ಕಾಣದು. ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಮೊದಲು ಹೇಳಿಕೊಟ್ಟದ್ದು ಅದನ್ನೇ, ಮೇಣದಬತ್ತಿ ಹಚ್ಚಿ ಮಂಡಿ ಹತ್ರ ಹಿಡ್ಕೊಂಡು ಇಳಿ ಕಣಮ್ಮ, ಆರಿತೋ, ಹಿಂದೆ ಮುಂದೆ ನೋಡದೆ ಮೇಲಕ್ಕೆ ಓಡು. ಅತ್ತೆಯ ಕಾಲದಲ್ಲಿ ನಮ್ಮ ವೈನು ಸಾಧಾರಣದ್ದು, ನೆಂಟರು ಕುಡಿದು ಉಳಿದದ್ದನ್ನು ಸಂತೆಗೆ ಒಯ್ಯುತ್ತಿದ್ದರು, ಯಾರೂ ಹೊಗಳಲಿಲ್ಲ, ಯಾರೂ ಸಾಯಲೂ ಇಲ್ಲ. ಇವರ ಮೂಗಿನ ಆಳ್ವಿಕೆ ಬಂತು, ಹೆಸರು ಬಂತು. ಬಿಳಿ ವೈನು ಎಳೇ ಮಗು ಇದ್ದ ಹಾಗೆ ಕಣೇ, ಪಕ್ಕದಲ್ಲಿ ಏನಿದ್ರೂ ಅದರ ವಾಸನೆ ಹಿಡಿದುಬಿಡುತ್ತೆ — ಹಾಗೆಂದು ರಸ ಉಕ್ಕುವ ದಿನಗಳಲ್ಲಿ ನನ್ನ ಅಡುಗೆಮನೆಯಲ್ಲಿ ಈರುಳ್ಳಿ ಹುರಿಯುವಂತಿಲ್ಲ, ತಲೆಗೆ ಪರಿಮಳದ ಎಣ್ಣೆ ಇಲ್ಲ, ದೇವರ ಮುಂದೆ ದೀಪವೂ ಇಲ್ಲ, ನಿನ್ನ ದೇವರಿಗೆ ಕತ್ತಲೇಲಿ ಕಣ್ಣು ಕಾಣಲ್ವೇನೆ ಎಂದು ನಗೆಯಾಡಿದರು, ನಾನು ಹಚ್ಚದ ದೀಪದ ಮುಂದೆ ಕೈ ಮುಗಿದೆ, ವರ್ಷ ವರ್ಷವೂ ಮುಗಿದೆ, ದೇವರಿಗೆ ಕಣ್ಣು ಕಂಡಿದ್ದರೆ ಆ ದಿನ ಕಾಣುತ್ತಿರಲಿಲ್ಲವೇ.

ಕುಳ್ಳ ಎನ್ನುತ್ತಿದ್ದೆವು ಮಗನನ್ನು, ಚಿಕ್ಕಂದಿನಲ್ಲಿ ಇಟ್ಟ ಹೆಸರು, ಆಮೇಲೆ ತೆಂಗಿನ ಮರದ ಹಾಗೆ ಬೆಳೆದ, ನೆಲಮಾಳಿಗೆಯ ಬಾಗಿಲಿಗೆ ದಿನಾ ತಲೆ ಬಡಿಸಿಕೊಂಡು, ಕುಳ್ಳ ಬಂದೆ, ದಾರಿ ಬಿಡಿ ಎಂದು ಬಾಗಿಲಿಗೇ ಬಯ್ಯುತ್ತಿದ್ದ. ಆ ದಿನ ನಾನೇ ಮೇಣದಬತ್ತಿ ಹಚ್ಚಿ ಕೈಗೆ ಕೊಟ್ಟೆ, ಅತ್ತೆ ಹೇಳಿದ ಹಾಗೆ, ಇವರು ಮೆಟ್ಟಿಲ ಬಾಯಲ್ಲೇ ನಿಂತಿದ್ದರು, ಏಯ್, ಮೇಣದ ವಾಸನೆ ಹತ್ತುತ್ತೆ, ಆರಿಸೋ, ಬಲ್ಬ್ ಇಲ್ವಾ. ಅವನು ನನ್ನ ಕಡೆ ಕಣ್ಣು ಮಿಟುಕಿಸಿದ, ಅಪ್ಪನ ಮೂಗಿಗೆ ಜಯವಾಗಲಿ, ಫೂ ಎಂದು ಊದಿದ, ಹಿಡ್ಕೋಮ್ಮ ಎಂದು ನನ್ನ ಅಂಗೈಗೆ ಇಟ್ಟು ಇಳಿದ, ನನ್ನ ಕೈಯಲ್ಲಿ ಬತ್ತಿಯ ತುದಿಗೆ ಕೆಂಪು ಚುಕ್ಕಿ, ಅದರಿಂದ ಹೊಗೆಯ ಒಂದೇ ಒಂದು ಎಳೆ ನೆಟ್ಟಗೆ ಮೇಲಕ್ಕೆ. ನಿಂತೇ ಇದ್ದಿದ್ದರೆ ಬದುಕುತ್ತಿದ್ದ, ಅಷ್ಟು ಎತ್ತರದ ಹುಡುಗ, ಕೆಳಗಿನ ಪೀಪಾಯಿಯ ಬಿರಡೆ ಬಿಗಿ ಮಾಡಲು ಬಗ್ಗಿದ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುತ್ತಾರಲ್ಲ, ಅವನಿಗೆ ಒಂದೇ ಸಾಕಾಯಿತು. ಮೇಲೆ ತಂದು ನಡುಮನೆಯಲ್ಲಿ ಮಲಗಿಸಿದರು, ನಾನು ತಲೆಯ ಬಳಿ ದೀಪ ಇಡಲು ಹೋದೆ, ಇವರು ಅಳುತ್ತಿದ್ದರು, ಸುಳ್ಳು ಹೇಳಬಾರದು, ಅಳುತ್ತಲೇ ಹೇಳಿದರು, ಅಂಗಳದಲ್ಲಿ ಮಲಗಿಸೋಣ ಕಣೇ, ಅಲ್ಲಿ ಎಷ್ಟು ಬೇಕಾದ್ರೂ ಹಚ್ಚು. ನಡುಮನೆಯ ಕೆಳಗೇ ನೆಲಮಾಳಿಗೆ ನೋಡಿ. ನನ್ನ ಮಗ ಅಂಗಳದಲ್ಲಿ ಮಲಗಿದ, ವೈನು ಮನೆಯೊಳಗೆ ಮಲಗಿತು.

ಒಂದು ಚೂರು ಹೊಗೆ ಇಲ್ಲ, ಎಂದನಲ್ಲ ಈ ವ್ಯಾಪಾರಿ, ಹೌದಪ್ಪ, ಇಲ್ಲ, ಆ ಹೊಗೆ ಇದ್ದಿದ್ದರೆ ನಿನ್ನ ಎದುರು ನನ್ನ ಮಗನೇ ನಿಂತು ಬಗ್ಗಿಸಿಕೊಡುತ್ತಿದ್ದ — ಬಾಟ್ಲಿ ತರಲು ಇಷ್ಟು ಹೊತ್ತೇ. ಅವನು ಹೋದ ಮೇಲೆ ಕೆಟ್ಟ ಗಾಳಿ ಹೊರಗೆಳೆಯಲು ಫ್ಯಾನು ಹಾಕಿಸಿದರು, ನನ್ನ ಬಾಯಿ ಮುಚ್ಚಿಸಲು, ಅದನ್ನೂ ಅತಿಥಿ ಬಂದನೆಂದು ಆರಿಸಿದರು. ಬಾಗಿಲ ಬಳಿ ಹೋಗಿ ಕೂಗಿದೆ, ಮಗಳೇ, ಉತ್ತರವಿಲ್ಲ, ಇನ್ನೊಮ್ಮೆ ಕೂಗಿದೆ, ಇಲ್ಲ, ಕೂತ್ಕೊಳ್ಳೇ, ಬರ್ತಾಳೆ, ಅಂದರು ಇವರು, ವ್ಯಾಪಾರಿಗೆ ಮೆಲ್ಲಗೆ, ಮಗ ಹೋದಾಗಿಂದ ಸ್ವಲ್ಪ ಹೀಗೆ, ಅಂದರು. ಹೀಗೆ ಅಂದರೆ ಹೇಗೆ. ಜೇಬಿನಲ್ಲಿ ಅದೇ ಅರ್ಧ ಮೇಣದಬತ್ತಿ ಇದೆ, ಬೆಂಕಿಪೊಟ್ಟಣ ಇದೆ, ಕಡ್ಡಿ ಗೀರಿದೆ, ಇವರು ಎದ್ದರು, ಏಯ್ ಏಯ್, ಬುದ್ಧಿ ಇದೆಯಾ ನಿಂಗೆ, ವ್ಯಾಪಾರಿ ತನ್ನ ಗ್ಲಾಸಿನ ಬಾಯಿಗೆ ಅಂಗೈ ಮುಚ್ಚಿಕೊಂಡ. ಮುಚ್ಚಿಕೋ. ಇಳಿದೆ, ಬೆಳಕನ್ನು ಮಂಡಿಯ ಬಳಿ ಹಿಡಿದು ಇಳಿದೆ, ದೇವರೇ ನಿನ್ನ ಮುಂದೆ ಹಚ್ಚದ ದೀಪಗಳೆಲ್ಲ ಇದರಲ್ಲಿ ಉರಿಯಲಿ, ತಂಪು, ಹುಳಿ ವಾಸನೆ, ಪೀಪಾಯಿಗಳ ಬುಳುಬುಳು, ಕೊನೆಯ ಮೆಟ್ಟಿಲಲ್ಲಿ ಉರಿ ಕುಗ್ಗಿತು, ಕಾಳಿನಷ್ಟಾಯಿತು, ನೀಲಿಯಾಯಿತು, ಮಂಕು ಬಲ್ಬಿನ ಕೆಳಗೆ ಅವಳು, ನಿಂತಿದ್ದಾಳೆ, ಬದುಕಿದ್ದಾಳೆ, ಬಾಟ್ಲಿಗಳ ಕಪಾಟಿನ ಮುಂದೆ, ಯಾಕೇ ಓಗೊಡಲಿಲ್ಲ, ಎಂದೆ, ಕೇಳಿಸ್ತಮ್ಮ, ಬಂದವರ ಮುಂದೆ ಹಾಗೆ ಅರಚಿದ್ರೆ ಏನಂತ ಓಗೊಡಲಿ, ಎಂದವಳು ನನ್ನ ಕೈ ನೋಡಿದಳು, ಅಯ್ಯೋ, ಮೇಣ! ಇಡೀ ವರ್ಷದ ರಸ ಕೆಟ್ಟು ಹೋಗುತ್ತೆ, ಧ್ವನಿ ಇವರದೇ, ಮೂಗು ಅರಳಿಸಿದ್ದೂ ಇವರ ಹಾಗೇ, ಬಂದಳು, ಫೂ. ಇನ್ನೊಂದು ಗಳಿಗೆ ಬಿಟ್ಟಿದ್ದರೆ ತಾನಾಗಿ ಆರಿ ನನ್ನ ಪರ ಸಾಕ್ಷಿ ಹೇಳುತ್ತಿತ್ತು, ಅಷ್ಟೂ ಬಿಡಲಿಲ್ಲ. ಮೇಲಿಂದ ಇವರ ಕೂಗು, ಆರಿಸಿದ್ಲಾ? ಮಗಳು ಹೇಗಿದ್ದಾಳೆ ಎಂದಲ್ಲ. ಆರಿಸ್ದೆ ಅಪ್ಪಾ, ಬಾಟ್ಲಿ ತಂದೆ, ಎಂದು ಕೆಳಗಿನ ಸಾಲಿಗೆ ಬಗ್ಗಲು ಹೋದಳು, ರಟ್ಟೆ ಹಿಡಿದೆ, ಬಿಡಮ್ಮ, ಬಿಡಲ್ಲ, ಕಾಯ್ತಿದಾರೆ ಬಿಡಮ್ಮ, ಬಗ್ಗಬೇಡ, ಬಗ್ಗಬೇಡ ಕಣೇ, ನನ್ನ ಇನ್ನೊಂದು ಕೈಯಲ್ಲಿ ಬತ್ತಿ, ತುದಿಗೆ ಕೆಂಪು ಚುಕ್ಕಿ, ಹೊಗೆಯ ಎಳೆ ಇದೆ, ಮೇಲಕ್ಕೆ ಏಳುತ್ತಿಲ್ಲ, ಮಂಡಿಯ ಮಟ್ಟಕ್ಕೆ, ಕೆಟ್ಟ ಗಾಳಿಯ ಮೇಲೆ, ಹೊದಿಕೆಯ ಹಾಗೆ ಅಡ್ಡಡ್ಡ ಹಾಸಿಕೊಳ್ಳುತ್ತಿದೆ, ಅವಳು ನನ್ನ ಬೆರಳು ಬಿಡಿಸುತ್ತಿದ್ದಾಳೆ, ಒಂದೊಂದಾಗಿ, ಹೊಗೆ ಹಾಸಿಕೊಳ್ಳುತ್ತಿದೆ, ಕೆಂಪು ಚುಕ್ಕಿ, ಬತ್ತಿಯ ತುದಿಗೆ ಕೆಂಪು ಚುಕ್ಕಿ —