ಮೂರು ಮೀಟರು, ಎಂಟು ಬೆರಳು

ಭಾನುವಾರ ಮಧ್ಯಾಹ್ನ ಮಗಳು ಗಣಿತದ ಪುಸ್ತಕವನ್ನು ಊಟದ ಮೇಜಿನ ಮೇಲೆ ಕುಕ್ಕಿ, "ಅಮ್ಮಾ, ಈ ರೇಡಿಯನ್ ಕಂಡುಹಿಡಿದವರಿಗೆ ಮಾಡೋಕೆ ಬೇರೆ ಕೆಲಸ ಇರಲಿಲ್ಲ" ಎಂದಳು. "ಅರ್ಧ ಸುತ್ತಿಗೆ ನೂರಾ ಎಂಬತ್ತು ಡಿಗ್ರಿ ಅಂದ್ರೆ ಯಾರ ಗಂಟು ಹೋಗ್ತಿತ್ತು? ಈಗ ಅದನ್ನ ಮೂರು ಪಾಯಿಂಟ್ ಒಂದು ನಾಲ್ಕು ಅನ್ಬೇಕಂತೆ."

ತಟ್ಟೆ ಒರೆಸುತ್ತಿದ್ದ ಅಮ್ಮನ ಕೈ ನಿಂತಿತು. ಮೂರು, ಮೇಲೊಂದು ಚೂರು. ಈ ಲೆಕ್ಕವನ್ನು ಅವಳು ಮೊದಲು ಕೇಳಿದ್ದು ತರಗತಿಯಲ್ಲಲ್ಲ, ಮೈದಾನದಲ್ಲಿ, ಅಪ್ಪನ ಬಾಯಲ್ಲಿ.

ಅಪ್ಪ ಶಾಲೆಯ ಮೈದಾನ ನೋಡಿಕೊಳ್ಳುತ್ತಿದ್ದವನು. ಪಂದ್ಯ ಬಂತೆಂದರೆ ಸುಣ್ಣದ ಪುಡಿಯಲ್ಲಿ ಓಟದ ಗೆರೆ ಎಳೆಯುವುದು ಅವನ ಕೆಲಸ. ಒಂದು ದಿನವೂ ಪಾಠ ಮಾಡದ ಅವನನ್ನು ಎಲ್ಲರೂ ಸುಣ್ಣದ ಮೇಷ್ಟ್ರು ಎನ್ನುತ್ತಿದ್ದರು. ಬೆಳಗ್ಗೆ ಹುಲ್ಲಿನ ಮೇಲೆ ಇನ್ನೂ ಇಬ್ಬನಿ ಇರುವಾಗ ಅವನು ತಿರುವಿನ ನಡುವೆ ಗೂಟ ಹೊಡೆದು ಹಗ್ಗ ಕಟ್ಟುತ್ತಿದ್ದ. ಅವಳು ಹಗ್ಗದ ತುದಿ ಹಿಡಿದು ಏಡಿಯಂತೆ ಅಡ್ಡಡ್ಡ ನಡೆಯುತ್ತಿದ್ದಳು. ಇಬ್ಬರೂ ಮನೆಗೆ ಬಂದರೆ ಒಳಗೆಲ್ಲ ಬಿಳಿ ಹೆಜ್ಜೆ. "ಇದನ್ನೂ ಮೈದಾನ ಮಾಡಿಬಿಟ್ರಾ? ಇನ್ನೇನು, ಅಡುಗೆಮನೇಲಿ ಒಂದು ಸೀಟಿ ಊದಿಬಿಡಿ!" ಎಂದು ಆಗಿನ್ನೂ ಇದ್ದ ಅವಳ ಅಮ್ಮ ರೇಗುತ್ತಿದ್ದಳು. ಆ ಸುಣ್ಣದ ಒಣ ವಾಸನೆ, ಎಳೆಬಿಸಿಲು, ಹಗ್ಗದ ನಾರು ಅಂಗೈಗೆ ಚುಚ್ಚುತ್ತಿದ್ದುದು ಎಲ್ಲ ಅವಳಿಗೆ ಈಗಲೂ ನೆನಪಿದೆ.

ಅರ್ಧ ಸುತ್ತಿನ ಓಟದಲ್ಲಿ ಮೊದಲು ತಿರುವು, ಆಮೇಲೆ ನೇರ ದಾರಿ. ಹೊರಗಿನ ಲೇನಿನವರಿಗೆ ತಿರುವು ಉದ್ದವಾಗುವುದರಿಂದ ಅವರನ್ನು ಮುಂದೆ ನಿಲ್ಲಿಸಬೇಕು. ಎಷ್ಟು ಮುಂದೆ? "ಲೇನಿನ ಅಗಲ ಒಂದು ಮೀಟರು ಇದ್ರೆ, ಲೇನಿಗೆ ಮೂರು ಮೀಟರು, ಎಂಟು ಬೆರಳು. ಬಾಯಿಪಾಠ ಮಾಡ್ಕೊ" ಎನ್ನುತ್ತಿದ್ದ ಅಪ್ಪ.

"ಯಾಕಪ್ಪಾ ಅಷ್ಟೇ?"

"ನಂಗೆ ಹೇಳಿಕೊಟ್ಟವರು ಅಷ್ಟೇ ಹೇಳಿದ್ದು. ಹಗ್ಗ ಬಿಗಿಯಾಗಿ ಹಿಡಿ."

ಅವಳಿಗೆ ಹದಿನೈದಾದ ವರ್ಷ, ಶಾಲೆಗಳ ನಡುವಿನ ಅರ್ಧ ಸುತ್ತಿನ ಅಂತಿಮ ಓಟ ಇನ್ನೊಂದು ಶಾಲೆಯಲ್ಲಿ ನಡೆಯಿತು. ಅಲ್ಲಿನ ಮೈದಾನ ಚಿಕ್ಕದು. ಗೆರೆ ಎಳೆಯಲು ಕರೆದದ್ದು ಮಾತ್ರ ಸುಣ್ಣದ ಮೇಷ್ಟ್ರನ್ನೇ. ಅವಳಿಗೆ ಸಿಕ್ಕಿದ್ದು ಆರನೇ ಲೇನು. ಒಂದನೇ ಲೇನಿನಲ್ಲಿ ಜಿಂಕೆ. ಎಲ್ಲರೂ ಹಾಗೆ ಕರೆಯುತ್ತಿದ್ದ ಆ ಹುಡುಗಿಯನ್ನು ಅದುವರೆಗೆ ಯಾರೂ ಸೋಲಿಸಿರಲಿಲ್ಲ. ಅವತ್ತು ಇವಳು ಸೋಲಿಸಿದಳು, ಒಂದೇ ಒಂದು ಹೆಜ್ಜೆಯಿಂದ. ಉಸಿರು ಹಿಂದಿರುಗುವ ಮೊದಲೇ ಜಿಂಕೆಯ ಮಾತು ಕೇಳಿಸಿತು: "ಅಪ್ಪ ಗೆರೆ ಎಳೆದ್ರೆ ಮಗಳು ಓಡೋದ್ಯಾಕೆ, ನಡೆದ್ರೂ ಸಾಕು."

ಸುತ್ತಲಿದ್ದವರು ನಕ್ಕರು. ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ತಲೆ ತಗ್ಗಿಸಿ ಗೂಟ ಕೀಳುತ್ತಿದ್ದ. ಎದ್ದು ಬಂದು ಒಂದು ಮಾತು ಆಡಲಿಲ್ಲ.

ಅವಳನ್ನು ಕೊರೆದದ್ದು ಜಿಂಕೆಯ ಮಾತಿಗಿಂತ ಆ ತಗ್ಗಿದ ತಲೆ. ಅವತ್ತು ಬೆಳಗ್ಗೆ ಅವಳೇ ಕಣ್ಣಾರೆ ಕಂಡಿದ್ದಳು: ಚಿಕ್ಕ ಮೈದಾನಕ್ಕೂ ಅಪ್ಪ ದೊಡ್ಡ ಮೈದಾನದ ಅಳತೆಯನ್ನೇ ಹಾಕಿದ್ದ. ತಿರುವು ಚಿಕ್ಕದಾದರೆ ಬಿಡಬೇಕಾದ ಅಂತರವೂ ಚಿಕ್ಕದಾಗಬೇಕಲ್ಲ? ಹಾಗಾದರೆ ಆ ಒಂದು ಹೆಜ್ಜೆ ಅವಳದೋ, ಅಪ್ಪನದೋ? ಕೇಳಲು ಬಾಯಿ ಬರಲಿಲ್ಲ; ಕೇಳಿದರೆ ಅವಳೂ ಜಿಂಕೆಯ ಕಡೆ ಸೇರಿದ ಹಾಗೆ. ಮುಂದಿನ ವರ್ಷ ಕಾಲುನೋವು ಎಂದು ಸುಳ್ಳು ಹೇಳಿ ಓಟ ಬಿಟ್ಟಳು. ಮೂವತ್ತು ವರ್ಷವಾಯಿತು.

"ಎಲ್ಲಿ, ಏನಂತೆ ಅದು? ಇನ್ನೊಂದ್ಸಲ ಹೇಳು" ಎಂದಳು ಮಗಳಿಗೆ.

"ನಡುವಿನಿಂದ ಅಂಚಿಗೆ ಎಷ್ಟು ದೂರವೋ ಅಷ್ಟೇ ಉದ್ದದ ದಾರ ತಗೋಬೇಕಂತೆ. ಅದನ್ನ ಅಂಚಿನ ಮೇಲೆ ಬಾಗಿಸಿ ಇಟ್ರೆ, ಅಷ್ಟು ತುಂಡಿಗೆ ನಡುವೆ ಎಷ್ಟು ಕೋನ ಬರುತ್ತೋ ಅದು ಒಂದು ರೇಡಿಯನ್. ಆಯ್ತಾ? ನಿಂಗೇನಾದ್ರೂ ಅರ್ಥ ಆಯ್ತಾ?"

ಅಮ್ಮ ಹೊಲಿಗೆ ಡಬ್ಬದಿಂದ ದಾರ ತಂದಳು. ಒರೆಸಿಟ್ಟ ತಟ್ಟೆಯ ಅಂಚಿನಲ್ಲಿ ಇಟ್ಟು ನೋಡಿದಳು. ಅರ್ಧ ತಟ್ಟೆಗೆ ಮೂರು ದಾರ, ಮೇಲೊಂದು ಚೂರು. ದೊಡ್ಡ ಪಾತ್ರೆಯ ಮುಚ್ಚಳಕ್ಕೆ ಅದರದೇ ಅಳತೆಯ ದಾರ ಕತ್ತರಿಸಿದಳು. ಅಲ್ಲೂ ಮೂರು, ಮೇಲೊಂದು ಚೂರು. ಮಗಳ ಬಳೆ ಕಳಚಿಸಿ ಅದಕ್ಕೂ ಇಟ್ಟಳು.

"ಅಮ್ಮಾ, ನಾಳೆ ಪರೀಕ್ಷೆ ನಂದು!"

ಅವಳಿಗೆ ಕೇಳಿಸಲಿಲ್ಲ. ವೃತ್ತ ಯಾವುದೇ ಇರಲಿ, ಅರ್ಧ ಸುತ್ತು ತಿರುಗುವವರೆಲ್ಲ ತಿರುಗುವುದು ಅಷ್ಟೇ. ನಡುವಿನಿಂದ ಒಂದು ಮೀಟರು ಹೊರಗೆ ಸರಿದವರು ಮೂರು ಮೀಟರು ಹದಿನಾಲ್ಕು ಸೆಂಟಿಮೀಟರು ಹೆಚ್ಚು ಓಡಬೇಕು. ಮೈದಾನ ಚಿಕ್ಕದೋ ದೊಡ್ಡದೋ ಎಂಬುದು ಆ ಲೆಕ್ಕದೊಳಗೆ ಬರುವುದೇ ಇಲ್ಲ. ಹದಿನಾಲ್ಕು ಸೆಂಟಿಮೀಟರು ಅಂದರೆ ಎಂಟು ಬೆರಳು. ಅಪ್ಪನ ಅಳತೆ ಸರಿಯಾಗಿತ್ತು!

ಅಪ್ಪ ಹಜಾರದಲ್ಲಿ ಕೂತು ರೇಡಿಯೊದ ಹಿಂಬದಿ ಬಿಚ್ಚಿಕೊಂಡಿದ್ದ. ಅವಳು ಮುಚ್ಚಳ, ದಾರ ಎಲ್ಲ ಹಿಡಿದುಕೊಂಡೇ ಹೋಗಿ ಎದುರು ಕುಳಿತಳು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು: ಜಿಂಕೆಯ ಮಾತು, ತನ್ನ ಅನುಮಾನ, ಕಾಲುನೋವಿನ ಸುಳ್ಳು. "ಆರನೇ ಲೇನಿಗೆ ಐದರಷ್ಟು. ಹದಿನೈದು ಮೀಟರು ಎಪ್ಪತ್ತು ಸೆಂಟಿಮೀಟರು. ನೀನು ಸರಿಯಾಗೇ ಹಾಕಿದ್ದೆ. ಅವತ್ತು ಯಾಕಪ್ಪಾ ಬಾಯಿ ಬಿಡಲಿಲ್ಲ?"

ಅಪ್ಪ ತಿರುಪುಳಿಯನ್ನು ಕೆಳಗಿಟ್ಟ.

"ಸರಿಯಾಗಿ ಹಾಕಿರಲಿಲ್ಲ."

"ಅಂದ್ರೆ?" ಎಂದಳು ಅವಳು.

"ನೀನು ಬಟ್ಟೆ ಬದಲಾಯಿಸೋಕೆ ಹೋದಾಗ ನಿನ್ನ ಗೆರೆ ಅಳಿಸಿ ಒಂದು ಗೇಣು ಹಿಂದೆ ಎಳೆದೆ. ಯಾರೂ ಬೆರಳು ತೋರಿಸಬಾರದು ಅಂತ. ನಾನು ತಪ್ಪು ಗೆರೆ ಎಳೆದಿದ್ದು ಅದೊಂದೇ. ಅದನ್ನ ಯಾವ ಬಾಯಲ್ಲಿ ಹೇಳ್ಲಿ?"

"ನಂಗೇ ಮೋಸ ಮಾಡಿದ್ಯಾ?"

"ಗೆದ್ಯಲ್ಲ."

"ಸೋತಿದ್ರೆ ಹೇಳ್ತಿದ್ಯಾ?"

"ಇಲ್ಲ. ಹೇಳ್ತಿರಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು, "ತಾತಾ, ಇದು ಘೋರ ಅನ್ಯಾಯ" ಎಂದಳು. ಅಪ್ಪನನ್ನು ಬೈಯಬೇಕೋ ನಗಬೇಕೋ ಅಮ್ಮನಿಗೆ ತಿಳಿಯಲಿಲ್ಲ. ಕೊನೆಗೆ ನಗುವೇ ಮೊದಲು ಬಂತು, ಕಣ್ಣೀರನ್ನೂ ಜೊತೆಗೆ ಎಳೆದುಕೊಂಡು. ಹಾಗಾದರೆ ಆ ಓಟ ಅವಳದೇ. ಅವಳದಕ್ಕಿಂತ ಒಂದು ಗೇಣು ಹೆಚ್ಚೇ ಅವಳದು.

"ಎಷ್ಟು ಹಿಂದೆ? ತೋರಿಸು" ಎಂದಳು.

ಅಪ್ಪ ಬಗ್ಗಿ ನೆಲದ ಮೇಲೆ ಅಂಗೈ ಬಿಡಿಸಿಟ್ಟ. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಮ್ಮೆ ನೋಡಿ, ಸ್ವಲ್ಪ ನಾಚಿಕೊಂಡು ಹೇಳಿದ: "ಆಗ ಕೈ ಇನ್ನೂ ದೊಡ್ಡದಿತ್ತು."