ಮೀನು ಆರಿಸುವ ಕೈ

“ಹನ್ನೆರಡು ವರ್ಷದಲ್ಲಿ ನಮ್ಮೂರಿನ ಒಂದೇ ಒಂದು ಮೀನೂ ಪರೀಕ್ಷೇಲಿ ಫೇಲಾಗಿಲ್ಲ ಮೇಡಂ” ಎಂದು ರಾವಿಯಾ ತರಗತಿಯಲ್ಲಿ ಎದ್ದು ನಿಂತು ಹೇಳಿದಾಗ ದನಿಯಲ್ಲಿ ಸ್ವಲ್ಪ ಜಂಬವೇ ಇತ್ತು. ಇರಬೇಡವೇ ಮತ್ತೆ? ನೈಲ್ ನದಿ ಕವಲೊಡೆಯುವ ಸೀಮೆಯಲ್ಲಿ ಅವಳ ಊರು ಫಸೀಖ್ ಎಂಬ ಉಪ್ಪುಮೀನಿಗೆ ಹೆಸರುವಾಸಿ, ಅಲ್ಲಿಯ ಆಹಾರ ಇನ್ಸ್‌ಪೆಕ್ಟರ್ ಅವಳೇ. ನಲವತ್ತೊಂದರ ಹೆಂಗಸು ವಾರವಿಡೀ ಅಂಗಡಿ ಅಂಗಡಿ ಅಲೆದು, ಶನಿವಾರದ ರಜೆಯಲ್ಲಿ ಕಾಲು ಚಾಚಲಾಗದ ಮೈಕ್ರೋಬಸ್ಸಿನಲ್ಲಿ ಕೂತು ಮನ್ಸೂರಾ ನಗರಕ್ಕೆ ಬಂದು ಆಹಾರ ಕಾನೂನಿನ ಡಿಪ್ಲೊಮಾ ಓದುತ್ತಿದ್ದಳು.

ಪ್ರೊಫೆಸರ್ ನಿಹಾದ್ ಕನ್ನಡಕ ತೆಗೆದು ಕೇಳಿದರು. “ಆ ಮೀನನ್ನ ಪೀಪಾಯಿಂದ ಆರಿಸಿದವರು ಯಾರಮ್ಮ?”

“ಅಂಗಡಿಯವರೇ ಮೇಡಂ. ಕೈಯಾರೆ ತೆಗೆದುಕೊಡ್ತಾರೆ. ನಾವು ಕೈ ಹಾಕಿದ್ರೆ ಅವರ ಮರ್ಯಾದೆ...”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಿಹಾದ್ ಮಾತ್ರ ನಗಲಿಲ್ಲ. ಮಾದರಿಯನ್ನು ಇನ್ಸ್‌ಪೆಕ್ಟರೇ ಚೀಟಿ ಎತ್ತಿ ಆರಿಸಬೇಕು ಎಂಬ ನಿಯಮವನ್ನು ಬೋರ್ಡಿನ ಮೇಲೆ ಬರೆದು, “ಕೂತ್ಕೊಳಮ್ಮ” ಎಂದರು.

ವಾಪಸು ಬರುವಾಗ ದಾರಿಯುದ್ದಕ್ಕೂ ರಾವಿಯಾ ಹಳೆಯ ವರದಿಯೊಂದನ್ನೇ ನೆನೆಯುತ್ತಿದ್ದಳು. ಹೋದ ವರ್ಷ ವಸಂತದ ಹಬ್ಬ ಶಮ್ಮುನ್ನಸೀಮ್ ಕಳೆದ ಮಾರನೇ ದಿನ, ಫಸೀಖ್ ತಿಂದ ಮೂವರು ಆಸ್ಪತ್ರೆ ಸೇರಿದ್ದರು. ಇಟ್ಟಿಗೆ ಗೂಡಿನವನ ಹೆಂಡತಿ, ಇಪ್ಪತ್ತಾರರ ಹುಡುಗಿ, ತಿರುಗಿ ಬರಲಿಲ್ಲ. ಎಲ್ಲ ಮಾದರಿಗಳೂ ಸರಿಯಾಗಿವೆ ಎಂಬ ವರದಿಯ ಕೆಳಗೆ ರಾವಿಯಾಳದೇ ಸಹಿ ಇತ್ತು. ಥೂ, ಎಂಥ ಸಹಿ! ಈ ವರ್ಷದ ಹಬ್ಬಕ್ಕೆ ಇನ್ನು ಹದಿನಾರೇ ದಿನ. ಈ ಸಲ ತನ್ನ ಕೈಯಿಂದಲೇ ಮೀನು ತೆಗೆಯಬೇಕು, ಅದೂ ಊರಿನ ದೊಡ್ಡ ಅಂಗಡಿಯಿಂದಲೇ ಶುರು ಮಾಡಬೇಕು ಎಂದು ಅವಳು ಬಸ್ಸಿಳಿಯುವ ಮೊದಲೇ ಗಟ್ಟಿ ಮಾಡಿಕೊಂಡಳು.

“ಏನಮ್ಮ ವಕೀಲೆ, ಶಲಬಿ ಹಾಜಿಯ ಪೀಪಾಯಿಗೆ ಕೈ ಹಾಕ್ತೀಯಾ?” ಮೇಲಧಿಕಾರಿ ಫಿಕ್ರಿ ಚಹಾದ ಲೋಟ ಕೆಳಗಿಟ್ಟರು. “ನಾಲ್ಕು ಪುಸ್ತಕ ಓದಿದ್ದಕ್ಕೆ ತಲೆ ತಿರುಗಿದೆ ನಿಂಗೆ. ಊರಲ್ಲಿ ಯಾರೂ ನಿನ್ನ ಮುಖ ನೋಡಲ್ಲ.”

“ನೋಡದಿದ್ರೆ ಬೇಡ ಸಾರ್. ತಪಾಸಣೆ ಆದೇಶಕ್ಕೆ ಸಹಿ ಹಾಕಿ.”

ಅವಳು ಮೇಜಿನ ಮುಂದಿನಿಂದ ಅಲುಗಲಿಲ್ಲ. ಫಿಕ್ರಿ ಗೊಣಗುತ್ತಲೇ ಸಹಿ ಹಾಕಿದರು.

ಆ ದೊಡ್ಡ ಅಂಗಡಿಯ ಶಲಬಿ ಹಾಜಿ ಅವಳ ತಂದೆಯ ಜೀವದ ಗೆಳೆಯ. ತಂದೆ ತೀರಿಕೊಂಡ ಮೇಲೆ ಅವಳ ಮದುವೆಯಲ್ಲಿ ತಂದೆಯ ಜಾಗದಲ್ಲಿ ನಿಂತವರು. ಅಂಗಡಿ ಬಾಗಿಲಲ್ಲಿ ಅವಳನ್ನು ಕಂಡದ್ದೇ ಮುದುಕರ ಮುಖ ಅರಳಿತು. ತೆರೆದಿದ್ದ ಪೀಪಾಯಿಗೆ ಕೈ ಹಾಕಿ ದಪ್ಪ ಬೂರಿ ಮೀನೊಂದನ್ನು ಎತ್ತಿದರು. “ತಗೋ ಮಗಳೇ, ಬೆಣ್ಣೆ ಇದ್ದ ಹಾಗಿದೆ.”

“ಇದು ಬೇಡ ದೊಡ್ಡಪ್ಪ. ಹಿಂದಿನ ಕೋಣೇಲಿ ಹದಿನಾಲ್ಕು ಪೀಪಾಯಿ ಇದಾವಲ್ಲ, ಅದರಲ್ಲಿ ನಾನೇ ಆರಿಸ್ತೀನಿ.”

ಹಾಜಿಯ ಕೈ ಅಲ್ಲೇ ನಿಂತಿತು. “ಅಂದ್ರೆ? ಮನೆಗೆ ಬಂದ ಮಗಳಿಗೆ ನಾನು ಕೆಟ್ಟದ್ದು ಕೊಡ್ತೀನಾ?”

“ಅದೇ ತೊಂದರೆ ದೊಡ್ಡಪ್ಪ. ನೀವು ನಂಗೆ ಯಾವತ್ತೂ ಕೆಟ್ಟದ್ದು ಕೊಡಲ್ಲ.”

ಎದುರಂಗಡಿಯವನು ಕತ್ತು ಚಾಚಿದ. ಈರುಳ್ಳಿ ಗಾಡಿಯವನೂ ಬಂದು ನಿಂತ. “ನಿನ್ನ ಅಪ್ಪ ಇದ್ದಿದ್ರೆ ನಾಚಿಕೆಯಿಂದ ಸಾಯ್ತಿದ್ದ” ಎಂದರು ಹಾಜಿ. ರಾವಿಯಾಳ ಕಣ್ಣು ತುಂಬಿ ಬಂತು. ಆದರೂ ಕೆನ್ನೆ ಒರೆಸಿಕೊಳ್ಳದೆ, ಚೀಲದಿಂದ ಪೀಪಾಯಿಗಳ ಸಂಖ್ಯೆ ಬರೆದ ಹದಿನಾಲ್ಕು ಚೀಟಿ ತೆಗೆದು ಚಹಾದ ಲೋಟಕ್ಕೆ ಹಾಕಿ ಕುಲುಕಿ ಒಂದನ್ನೆತ್ತಿದಳು. ಬಂದದ್ದು ಒಂಬತ್ತನೇ ಪೀಪಾಯಿ.

ಹಾಜಿ ಏನೋ ಹೇಳಲು ಬಾಯಿ ತೆರೆದವರು, ಬಾಗಿಲಲ್ಲಿ ನೆರೆದ ಜನರನ್ನು ನೋಡಿ ಸುಮ್ಮನಾದರು. ರಾವಿಯಾ ಕೈಗವಸು ಹಾಕಿ, ಮೊಣಕೈವರೆಗೂ ಕೈ ಇಳಿಸಿ ಮೀನು ತೆಗೆದಳು. ಮೂರು ಪಾಲು ಮಾಡಿ ಮೊಹರು ಹಾಕಿ, ಕಾನೂನಿನಂತೆ ಒಂದು ಪಾಲನ್ನು ಅವರಿಗೇ ಕೊಟ್ಟಳು. ಹಾಜಿ ಅದನ್ನು ಈಸಿಕೊಂಡು ಮುಖ ತಿರುಗಿಸಿದರು.

ಆರು ದಿನ ಊರು ಅವಳ ಜೊತೆ ಮಾತು ಬಿಟ್ಟಿತು. ರೊಟ್ಟಿಯವನೂ ಸಲಾಮಿಗೆ ಉತ್ತರ ಕೊಡಲಿಲ್ಲ. ಅವಳು ಹಲ್ಲು ಕಚ್ಚಿಕೊಂಡು ಕೆಲಸಕ್ಕೆ ಹೋದಳು, ಶನಿವಾರ ಪಾಠಕ್ಕೂ ಹೋದಳು. ಏಳನೇ ದಿನ ಪ್ರಯೋಗಾಲಯದ ಕಾಗದ ಬಂತು. ಉಪ್ಪು ಸಾಲದೆ ಮೀನಿನಲ್ಲಿ ವಿಷ ಹುಟ್ಟಿದೆ, ಪೀಪಾಯಿ ನಾಶಮಾಡಿ ಎಂದಿತ್ತು.

ಕಾಗದ ಹಿಡಿದು ಅವಳು ಒಬ್ಬಳೇ ಅಂಗಡಿಗೆ ಹೋದಳು. ಹಾಜಿ ಎರಡು ಸಲ ಓದಿದರು. ಕೂಗಾಡುತ್ತಾರೆ, ತಮ್ಮ ಪಾಲನ್ನು ಬೇರೆ ಕಡೆ ಪರೀಕ್ಷೆಗೆ ಕಳಿಸುತ್ತಾರೆ ಎಂದುಕೊಂಡು ಅವಳು ಉತ್ತರ ಸಿದ್ಧಮಾಡಿಕೊಂಡೇ ಬಂದಿದ್ದಳು. ಆದರೆ ಅವರು ಉಪ್ಪಿನ ಮೂಟೆಯ ಮೇಲೆ ಕೂತುಬಿಟ್ಟರು.

“ಒಂಬತ್ತನೇದು ಮಾರೋದಲ್ಲ ಕಣಮ್ಮ. ಅದು ನಮ್ಮನೇದು.”

“ನಿಮ್ಮನೇದಾ?”

“ಮೊಮ್ಮಕ್ಕಳು ಏಳು ಜನ ಹಬ್ಬಕ್ಕೆ ಬರ್ತಾವೆ. ಒಳ್ಳೊಳ್ಳೆ ಮೀನೆಲ್ಲ ಆರಿಸಿ ಅದಕ್ಕೇ ಹಾಕಿದ್ದೆ. ಮಕ್ಕಳ ನಾಲಿಗೆಗೆ ಉಪ್ಪು ಜಾಸ್ತಿ ಆಗಬಾರದು ಅಂತ...” ಮುದುಕರು ಕಾಗದ ಮಡಚಿ ಅವಳ ಕೈಗಿತ್ತರು. “ನಾನೇ ಕೈ ಬಿಗಿ ಹಿಡಿದು ಉಪ್ಪು ಹಾಕಿದೆ ರಾವಿಯಾ.”

ರಾವಿಯಾ ಅವರ ಪಕ್ಕದಲ್ಲೇ ಮೂಟೆಯ ಮೇಲೆ ಕೂತಳು. ಹಾಜಿ ಮುಖ ಒರೆಸಿಕೊಂಡು ಎದ್ದರು.

“ಮಿಕ್ಕ ಹದಿಮೂರು?”

“ಒಂದೊಂದನ್ನೂ ನೋಡಬೇಕು ದೊಡ್ಡಪ್ಪ. ಅಲ್ಲೀವರೆಗೆ ಮಾರೋ ಹಾಗಿಲ್ಲ.”

“ಮತ್ತೆ ಕೂತಿದ್ದೀಯಲ್ಲ, ಏಳು, ಕೈ ಹಾಕು” ಎಂದರು ಹಾಜಿ. ಆಮೇಲೆ ಬಾಗಿಲಿಗೆ ಹೋಗಿ ಎದುರಂಗಡಿಯವನಿಗೆ ಬೀದಿಗೆಲ್ಲ ಕೇಳುವಂತೆ ಕೂಗಿದರು. “ಲೋ, ಪೀಪಾಯಿ ಮುಚ್ಚಳ ತೆಗೆದಿಡೋ! ಇಲ್ಲಿ ಮುಗಿಸಿ ನಿನ್ನ ಹತ್ರಾನೂ ಬರ್ತಾಳೆ ನನ್ನ ಮಗಳು. ಮೀನು ನೀನು ಮುಟ್ಟಬೇಡ, ಅವಳೇ ತೆಗೀಲಿ.”