ಬಾಲಗೇರ್ ಮತ್ತು ಬಾಳಗೇರಿ

ಬಾಳೇಶನಿಗೆ ತನ್ನ ಅಡ್ಡಹೆಸರಿನ ಮೇಲಿದ್ದಷ್ಟು ಮೋಹ ಕಟ್ಟಿಕೊಂಡ ಹೆಂಡತಿಯ ಮೇಲೂ ಇರಲಿಲ್ಲ. ಹೆಂಡತಿ ಕಾಂಚನಾಳೇ ಇದನ್ನು ಓಣಿಯ ಹೆಂಗಸರೆದುರು ಹೇಳಿಕೊಂಡು ನಗುತ್ತಿದ್ದಳು, ಆದ್ದರಿಂದ ನಾವು ಹೇಳಿದರೆ ತಪ್ಪಿಲ್ಲ. ಬಾಡಗಂಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಹಾಜರಿ ಬರೆಯುವ ಗುಮಾಸ್ತ ಅವನು. ಯಾರಾದರೂ ಹೆಸರು ಕೇಳಿದರೆ 'ಬಾಳೇಶ' ಎಂದು ಹೇಳಿ, ಒಂದಿಷ್ಟು ತಡೆದು, ಅಂಗಿಯ ಕಾಲರು ಸರಿಮಾಡಿಕೊಂಡು 'ಬಾಳಗೇರಿ' ಎನ್ನುತ್ತಿದ್ದ.

ಬಾಳಗೇರಿ ಎಂಬ ಊರು ಈಗಿಲ್ಲ. ಎರಡು ಸಾವಿರದ ಇಸವಿಯಲ್ಲಿ ಆಲಮಟ್ಟಿಯ ಹಿನ್ನೀರು ಏರಿ ಬಂದಾಗ ಬೀಳಗಿ ತಾಲೂಕಿನ ಆ ಊರು ಮುಳುಗಿತು. ಜನ ಬಾಗಿಲು ಚೌಕಟ್ಟು ಕಿತ್ತುಕೊಂಡು ದಿಕ್ಕಿಗೊಬ್ಬರಂತೆ ಹೋದರು. ಕೆಲವರು ಬೀಳಗಿ ಹತ್ತಿರದ ಪುನರ್ವಸತಿ ಕೇಂದ್ರಕ್ಕೆ, ಕೆಲವರು ಮುಧೋಳಕ್ಕೆ, ಜಮಖಂಡಿಗೆ, ಮಗ್ಗದ ಕೆಲಸ ಬಲ್ಲವರು ರಬಕವಿ-ಬನಹಟ್ಟಿಗೆ. ಅವರ ಕಾಗದಪತ್ರಗಳಲ್ಲಿ ಬಗೆಬಗೆಯ ಅಡ್ಡಹೆಸರುಗಳಿದ್ದವು. ಊರಿನ ಹೆಸರೇ ಅಡ್ಡಹೆಸರಾಗಿದ್ದದ್ದು ಬಾಳೇಶನಿಗೊಬ್ಬನಿಗೇ. ತಮ್ಮ ಮನೆತನವೇ ಆ ಊರು ಕಟ್ಟಿದ್ದು, ಅದಕ್ಕೇ ಊರಿನ ಹೆಸರು ತಮಗೆ ಬಂದದ್ದು ಎಂದು ಅವನು ನಂಬಿದ್ದ. ಊರು ನೀರಿಗೆ ಹೋದಮೇಲೆ ಅದರ ಹೆಸರಿಗೆ ಉಳಿದ ವಾರಸುದಾರ ತಾನೊಬ್ಬನೇ ಎಂದೂ ನಂಬಿದ್ದ.

ಇದೇ ನಂಬಿಕೆಯಲ್ಲಿ ಅವನು ದೊಡ್ಡಪ್ಪನ ಮಗ ಜಕ್ಕಪ್ಪನ ಸಂಗಡ ಮಾತು ಬಿಟ್ಟಿದ್ದ. ಜಕ್ಕಪ್ಪ ಕಾರ್ಖಾನೆಯ ಗೇಟಿನೆದುರೇ ಚಹಾದ ಹೋಟೆಲು ಇಟ್ಟುಕೊಂಡವನು. ಮುಳುಗಡೆಯ ವರ್ಷ ಹೊಸ ರೇಶನ್ ಕಾರ್ಡಿನಲ್ಲಿ ಅವನು 'ಹೊಸಮನಿ' ಎಂದು ಬರೆಸಿಕೊಂಡದ್ದು ಬಾಳೇಶನ ಕಣ್ಣಿಗೆ ಬಿತ್ತು.

"ಮನಿ ಹೊಸಾದಾತಂತ ಹೆಸರೂ ಹೊಸಾದು ಹಚ್ಚಿಕೊಂಡಿಯೇನ? ಊರ ಹೆಸರ ಮಾರಿಕೊಂಡಾಂವ ನೀ!" ಎಂದು ನಾಲ್ಕು ಜನರೆದುರು ಕೂಗಾಡಿದ. ಜಕ್ಕಪ್ಪ ಒಮ್ಮೆ ಮುಖ ನೋಡಿ, ಮತ್ತೆ ಚಹಾ ಸೋಸತೊಡಗಿದ. ಅದಾಗಿ ಒಂಬತ್ತು ವರ್ಷ, ಬಾಳೇಶ ಎದುರಿನ ಹೋಟೆಲು ಬಿಟ್ಟು ಅರ್ಧ ಮೈಲಿ ನಡೆದು ಹೋಗಿ ಚಹಾ ಕುಡಿಯುತ್ತಿದ್ದ.

ಇಷ್ಟೆಲ್ಲ ಊರು ಊರು ಎನ್ನುವವನು ಊರಲ್ಲಿ ಇದ್ದದ್ದು ಕಡಿಮೆಯೇ. ತಂದೆ ಧರೆಪ್ಪ ರಬಕವಿಯ ಸಾಹುಕಾರರೊಬ್ಬರ ಕೈಮಗ್ಗದಲ್ಲಿ ನೇಯುತ್ತಿದ್ದ. ಬಾಳೇಶ ಹುಟ್ಟಿದ್ದು, ಸಾಲಿ ಕಲಿತದ್ದು ಎಲ್ಲ ಅಲ್ಲೇ. ಬಾಳಗೇರಿಗೆ ಹೋಗುತ್ತಿದ್ದದ್ದು ದೀಪಾವಳಿಗೆ, ಬೇಸಿಗೆಯ ರಜೆಗೆ. ಬಾವಿಯ ಹತ್ತಿರ ಹೆಂಗಸರು ಅವನನ್ನು ಕಂಡರೆ "ಏನೋ ಪುಂಡಿಪಲ್ಯಾ, ಯಾವಾಗ ಬಂದಿ?" ಎಂದು ನಗುತ್ತಿದ್ದರು. ಹುಳಿ ಸೊಪ್ಪಿನ ಆ ಪಲ್ಯವೆಂದರೆ ಅವನಿಗೆ ಜೀವ. ಇದು ಊರಿಗೆಲ್ಲ ಗೊತ್ತಾಗಿದೆಯಲ್ಲ ಎಂದು ಹುಡುಗ ನಾಚಿಕೊಂಡು ಓಡುತ್ತಿದ್ದ.

ಎರಡು ಸಾವಿರದ ಒಂಬತ್ತರ ಕಬ್ಬಿನ ಹಂಗಾಮಿಗೆ ಕಾರ್ಖಾನೆಗೆ ಹೊಸ ಬಾಯ್ಲರ್ ಬಂತು. ಅದನ್ನು ಕೂಡಿಸಲು ಫಿಲಿಪೀನ್ಸ್ ದೇಶದಿಂದ ಒಬ್ಬ ಎಂಜಿನಿಯರ್ ಬಂದ. ಗಿಡ್ಡ ಆಳು, ನಗುಮುಖ. ಗೇಟಿನಲ್ಲಿ ಅವನ ಪಾಸ್‌ಪೋರ್ಟ್ ನೋಡಿ ಹೆಸರು ಬರೆದುಕೊಳ್ಳುವ ಕೆಲಸ ಬಾಳೇಶನದೇ. ಬರೆಯುವ ಕೈ ನಡುವೆಯೇ ನಿಂತಿತು.

"ರಾಮೋನ್ ಬಾಲಗೇರ್," ಎಂದ ಬಂದವನು, ಎದೆಯ ಮೇಲೆ ಕೈಯಿಟ್ಟುಕೊಂಡು.

ಕಾವಲಿನವನು ಬಿದ್ದು ಬಿದ್ದು ನಕ್ಕ. "ಬಾಳೇಶಣ್ಣಾ, ನಿಮ್ಮ ಮಂದಿ ಬಂದಾರ ನೋಡ್ರಿ!"

ಎರಡೇ ವಾರದಲ್ಲಿ ಕಾರ್ಖಾನೆಯ ತುಂಬ ಅವನು ಬಾಳಗೇರಿ ಸಾಹೇಬನಾದ. "ಬಾಳಗೇರಿಯವ್ರನ್ನ ಕರೀರಿ" ಎಂದರೆ ಜನ ಬಾಯ್ಲರಿನ ಕಡೆ ಓಡುತ್ತಿದ್ದರು. "ಯಾವ ಬಾಳಗೇರಿ? ಸಾಹೇಬ್ರೋ, ಗೇಟಿನಾಂವೋ?" ಎಂದು ಯಾರೋ ಕೇಳಿದ್ದು ಬಾಳೇಶನ ಕಿವಿಗೆ ಬಿತ್ತು. ಗೇಟಿನಾಂವ! ಅವನಿಗೆ ಆದದ್ದು ಹೊಟ್ಟೆಕಿಚ್ಚು, ಅದಕ್ಕೆ ಬೇರೆ ಹೆಸರು ಕೊಟ್ಟು ಮುಚ್ಚುವುದೇಕೆ?

ಒಂದು ದಿನ ಸಹಿ ತೆಗೆದುಕೊಳ್ಳಲು ಗೆಸ್ಟ್‌ಹೌಸಿಗೆ ಹೋದಾಗ ಆ ಕಿಚ್ಚಿಗೆ ಎಣ್ಣೆ ಬಿತ್ತು. ರಾಮೋನ್ ಗೋಡೆಗೆ ಪ್ರಪಂಚದ ನಕ್ಷೆ ಹಚ್ಚಿದ್ದ. ಬೀಳಗಿಯ ಸಂತೆಯಲ್ಲಿ ಹೆಂಗಸರು ಹಣೆಗೆ ಹಚ್ಚುವ ಟಿಕಳಿಯ ಪಾಕೀಟು ಕೊಂಡು, ನಕ್ಷೆಯ ತುಂಬ ಕೆಂಪು ಟಿಕಳಿ ಅಂಟಿಸಿದ್ದ. ಕಂಪ್ಯೂಟರಿನಲ್ಲಿ ಹುಡುಕಿ ತನ್ನ ಅಡ್ಡಹೆಸರಿನವರು ಸಿಕ್ಕ ಊರಿಗೆಲ್ಲ ಒಂದೊಂದು. ಕ್ಯೂಬಾ, ಡೊಮಿನಿಕನ್ ದೇಶ, ಅರ್ಜೆಂಟೀನಾ, ಫಿಲಿಪೀನ್ಸ್. ಒಟ್ಟು ನಲವತ್ತೊಂದು.

ಇಂಗ್ಲಿಷಿನಲ್ಲಿ ರಾಮೋನ್ ಹೇಳಿದ: "ಎಲ್ಲ ಇಲ್ಲಿಂದ ಶುರು. ಸ್ಪೇನಿನಲ್ಲಿ ಬಾಲಗೇರ್ ಅಂತ ಒಂದು ಸಣ್ಣ ಪಟ್ಟಣ. ಅಲ್ಲಿಂದ ಹೋದವರಿಗೆ ಊರಿನ ಹೆಸರೇ ಅಡ್ಡಹೆಸರಾಯಿತು. ಹಡಗು ಹತ್ತಿದವರ ಜೊತೆ ಹೆಸರೂ ಹಡಗು ಹತ್ತಿತು. ತಮಾಷೆ ನೋಡು, ಆ ಪಟ್ಟಣದಲ್ಲೇ ಈ ಹೆಸರಿನವರು ಒಬ್ಬರೂ ನನಗೆ ಸಿಕ್ಕಿಲ್ಲ."

"ಆ ಪಟ್ಟಣ ಈಗ?" ಎಂದ ಬಾಳೇಶ.

"ಇದೆಯಲ್ಲ. ಹೊಳೆಯ ದಂಡೆಯ ಮೇಲೇ ಇದೆ." ರಾಮೋನ್ ಫೋಟೋ ತೋರಿಸಿದ. ನೀರಿನ ಪಕ್ಕದಲ್ಲೇ ಸಾಲು ಮನೆಗಳು.

ಬಾಳೇಶ ಆ ಫೋಟೋವನ್ನು ಬಹಳ ಹೊತ್ತು ನೋಡಿದ. ಹೊಳೆ ಪಕ್ಕದಲ್ಲೇ ಇದ್ದೂ ಇವರ ಊರು ಮುಳುಗಲಿಲ್ಲ. ಊರೂ ಉಳಿಯಿತು, ಹೆಸರೂ ಊರೂರಿಗೆ ಹಬ್ಬಿತು. ಒಬ್ಬನಿಗೇ ಎಷ್ಟು ಕೊಡುವುದು ದೇವರು!

"ನಿನ್ನದೂ ಒಂದು ಹಚ್ಚು," ಎಂದು ರಾಮೋನ್ ಹಸಿರು ಟಿಕಳಿಯ ಪಾಕೀಟು ಕೊಟ್ಟ. ಆ ನಕ್ಷೆಯಲ್ಲಿ ಇಡೀ ಹಿಂದುಸ್ತಾನವೇ ಅಂಗೈಯಷ್ಟಿತ್ತು. ಬಾಳೇಶ ಪಾಕೀಟು ತಂದು, ಗೇಟಿನ ಕೋಣೆಯ ಗೋಡೆಗೆ ತೂಗಿಬಿಟ್ಟ ಕಬ್ಬಿನ ಸೀಮೆಯ ನಕ್ಷೆಯಲ್ಲಿ, ಹಿನ್ನೀರಿನ ನೀಲಿ ಬಣ್ಣದ ಮೇಲೆ, ಬಾಳಗೇರಿ ಇದ್ದ ಕಡೆ ಒಂದು ಟಿಕಳಿ ಹಚ್ಚಿದ. ಅವನಿಗೆ ನಲವತ್ತೊಂದು, ತನಗೆ ಒಂದು. ಅವತ್ತು ಬುತ್ತಿ ಬಿಚ್ಚಲಿಲ್ಲ.

ಸುದ್ದಿ ಕಾಂಚನಾಳಿಂದ ಅತ್ತೆಗೆ, ಬಾಳೇಶನ ತಾಯಿ ತಾರವ್ವನಿಗೆ, ಹೋಯಿತು. "ನಮ್ಮ ಹೆಸರಿನಾಂವ ಅಷ್ಟು ದೂರದಿಂದ ಬಂದಾನ, ಒಂದು ತುತ್ತು ರೊಟ್ಟಿ ಹಾಕೋದು ಬ್ಯಾಡೇನು? ಕರಕೊಂಡು ಬಾ," ಎಂದು ಮುದುಕಿ ಹಟ ಹಿಡಿದಳು. ಬಾಳೇಶ ಎರಡು ರವಿವಾರ ತಪ್ಪಿಸಿದ. ಮೂರನೆಯ ರವಿವಾರ ಮಧ್ಯಾಹ್ನ ಕರೆದುಕೊಂಡು ಬರಲೇಬೇಕಾಯಿತು.

ತಾರವ್ವ ಬಿಸಿ ರೊಟ್ಟಿ, ಬೆಣ್ಣೆ, ಶೇಂಗಾ ಚಟ್ನಿ, ಪುಂಡಿಪಲ್ಯ ಬಡಿಸಿದಳು. ಅವಳಿಗೆ ಇಂಗ್ಲಿಷ್ ಬಾರದು, ಅವನಿಗೆ ಕನ್ನಡ ಬಾರದು. ನಡುವೆ ಕೂತ ಬಾಳೇಶನ ಬಾಯಿಂದಲೇ ಎಲ್ಲ ಮಾತೂ ಹಾದು ಹೋಗಬೇಕು. ಇಷ್ಟು ಅಧಿಕಾರ ಅವನಿಗೆ ಗೇಟಿನಲ್ಲೂ ಸಿಕ್ಕಿರಲಿಲ್ಲ.

"ನಾಚಿಕೋಬ್ಯಾಡ ತಮ್ಮಾ, ಇದು ನಿನ್ನ ಮನೀನ ಅಂತ ಹೇಳು," ಎಂದಳು ತಾರವ್ವ.

"ಬಿಸಿಲು ಇನ್ನಷ್ಟು ಏರುವುದರೊಳಗೆ ಹೊರಟರೆ ಒಳ್ಳೆಯದು ಅನ್ನುತ್ತಿದ್ದಾಳೆ," ಎಂದ ಬಾಳೇಶ ಇಂಗ್ಲಿಷಿನಲ್ಲಿ.

ರಾಮೋನ್ ಅದಕ್ಕೂ ಕೈ ಮುಗಿದ. ತಾರವ್ವ ಕರಗಿ ಹೋಗಿ ಮತ್ತೊಂದು ಉಂಡೆ ಬೆಣ್ಣೆ ಹಾಕಿದಳು. ಹಿಂದಿನ ವರ್ಷ ತಾನು ಜ್ವರದಿಂದ ಎದ್ದಾಗಲೂ ಅವ್ವ ಇಷ್ಟು ದೊಡ್ಡ ಉಂಡೆ ಹಾಕಿರಲಿಲ್ಲ ಎಂಬುದು ಬಾಳೇಶನಿಗೆ ಆ ಹೊತ್ತಿನಲ್ಲಿ ನೆನಪಾಯಿತು.

"ಇವರ ಹಿರ್ಯಾರು ಆ ಸ್ಪೇನ್ ಊರು ಬಿಟ್ಟು ಎಷ್ಟು ದಿನಾತಂತ ಕೇಳು."

ಇದನ್ನು ಮಾತ್ರ ಸರಿಯಾಗಿ ಕೇಳಿದ. ರಾಮೋನ್ ನಕ್ಕು ಹೇಳಿದ: "ನಮ್ಮವರು ಯಾರೂ ಆ ಊರು ಕಂಡವರೇ ಅಲ್ಲ. ನಮ್ಮ ದೇಶವನ್ನು ಸ್ಪೇನಿನವರು ಆಳುತ್ತಿದ್ದರು. ನೂರರವತ್ತು ವರ್ಷದ ಹಿಂದೆ ಅವರ ಅಧಿಕಾರಿ ಅಡ್ಡಹೆಸರುಗಳ ದೊಡ್ಡ ಪಟ್ಟಿ ಮಾಡಿಸಿ ಊರೂರಿಗೆ ಹಾಳೆ ಕಳಿಸಿದ. ನಮ್ಮೂರಿಗೆ ಬಂದದ್ದು ಬ ಅಕ್ಷರದ ಹಾಳೆ. ಮುತ್ತಜ್ಜನ ಅಜ್ಜ ಸಾಲಿನಲ್ಲಿ ನಿಂತು ಈ ಹೆಸರು ಪಡೆದನಂತೆ."

ಬಾಳೇಶನಿಗೆ ಕುಣಿಯುವಷ್ಟು ಖುಷಿಯಾಯಿತು. "ಯವ್ವಾ, ಕೇಳಿದೇನ? ಇಂವಂದು ಖರೇ ಹೆಸರಲ್ಲ! ರೇಶನ್ ಅಂಗಡ್ಯಾಗ ಅಕ್ಕಿ ಹಂಚಿದಂಗ ಸರಕಾರದಾವ್ರು ಪಾಳಿ ಹಚ್ಚಿ ಹಂಚ್ಯಾರ. ಆ ಊರಾಗರ ಈ ಹೆಸರಿನಾವ್ರು ಅದಾರೇನು ಅಂದ್ರ ಒಬ್ಬನೂ ಸಿಕ್ಕಿಲ್ಲಂತ! ನಮ್ಮಂಗ ಊರು ಕಟ್ಟಿದ ಮನಿತನ ಅಲ್ಲ ಇವರದು."

ತಾರವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಮಗನನ್ನು ನೋಡಿದಳು. "ಊರು ಕಟ್ಟಿದ್ದು ನಾವಂತ ಯಾರ ಹೇಳಿದ್ರಲೇ ನಿನಗ?"

"ಮತ್ತ ಊರ ಹೆಸರು ನಮಗ್ಯಾಕ ಬಂತು?"

"ಊರಾಗ ಇದ್ದಾಂವಗ ಯಾರರ ಊರ ಹೆಸರು ಹಚ್ಚತಾರೇನ? ಬಾಳಗೇರ್ಯಾಗ ಎಲ್ಲಾರೂ ಬಾಳಗೇರ್ಯಾವ್ರ. ಅಲ್ಲಿ 'ಏ ಬಾಳಗೇರಿ' ಅಂತ ಕರದ್ರ ಯಾರು ಓ ಅನಬೇಕು?" ಮುದುಕಿಗೆ ನಗು ಬಂತು. "ನಿಮ್ಮಪ್ಪ ರಬಕವಿಗೆ ನೇಯಾಕ ಹ್ವಾದಾಗ ಆ ಸಾವಕಾರ್ರ ಹತ್ರ ಮೂರು ಮಂದಿ ಧರೆಪ್ಪ ಇದ್ರು. ಗುರತಿಗೆ ಇರ್ಲಿ ಅಂತ ಇವರಿಗೆ ಬಾಳಗೇರಿ ಧರೆಪ್ಪ ಅಂದ್ರು. ಸಾಲ್ಯಾಗ ಮಾಸ್ತರ ನಿನ್ನ ಹೆಸರಿನ ಮುಂದ ಅದನ್ನ ಬರದ್ರು. ಆತು, ಇಷ್ಟ."

ಬಾಳೇಶನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಹಂಗಾದ್ರ ಬಾಳಗೇರ್ಯಾಗ ನಮ್ಮ ಮನಿಗೆ ಏನಂತಿದ್ರು?"

ತಾರವ್ವ ಅವನ ತಾಟಿನ ಕಡೆ ಬೆರಳು ಮಾಡಿದಳು. "ಪುಂಡಿಪಲ್ಯಾ. ನಿಮ್ಮಜ್ಜ ಯಾರದೋ ಮದುವ್ಯಾಗ ಮೂರು ಸಲ ಕೇಳಿ ಹಾಕಿಸಿಕೊಂಡು ಉಂಡನಂತ. ಅವತ್ತಿನಿಂದ ಮನಿ ಮಂದಿಗೆಲ್ಲಾ ಅದ ಹೆಸರು. ಜಕ್ಕಪ್ಪನೂ ಪುಂಡಿಪಲ್ಯಾನ. ಸಾಲ್ಯಾಗ ಹುಡುಗ್ರು ಆಡಿಕೊಂಡು ನಗತಾರಂತ ಮಕ್ಕಳ ಸಲುವಾಗಿ ಹೊಸಮನಿ ಅಂತ ಬರಿಸಿದ. ನೀ ನೋಡಿದ್ರ ಅವನ ಮ್ಯಾಲ ಹರಿಹಾಯ್ದಿ."

ಬಾವಿಯ ಹತ್ತಿರದ ಹೆಂಗಸರ ನಗು ಬಾಳೇಶನಿಗೆ ಮೂವತ್ತು ವರ್ಷದ ಮೇಲೆ ಅರ್ಥವಾಯಿತು.

"ಇವನಿಗೂ ಹೇಳು," ಎಂದಳು ತಾರವ್ವ. "ಊರು ಬಿಟ್ಟ ಮಂದೀಗೆ ಊರ ಹೆಸರು ಹತ್ತತೈತಿ ಅಂತ ಹೇಳು. ಈಗ ನಮ್ಮ ಮಂದಿ ಜಮಖಂಡಿಗೆ ಹೋಗ್ಲಿ, ಮುಧೋಳಕ್ಕ ಹೋಗ್ಲಿ, ಬಾಳಗೇರ್ಯಾವ್ರು ಬಂದ್ರು ಅಂತಾರ. ಈಗ ಎಲ್ಲಾರೂ ಬಾಳಗೇರಿನ."

"ತಾಯಿ ಏನು ಹೇಳಿದರು? ಬಹಳ ನಗುತ್ತಿದ್ದಾರೆ," ಎಂದು ರಾಮೋನ್ ಕೇಳಿದ.

ಬಾಳೇಶ ಪಲ್ಯದ ಬೋಗುಣಿಯತ್ತ ಕೈ ತೋರಿಸಿದ. "ಪಲ್ಯ ಇನ್ನಷ್ಟು ಬೇಕೇ ಎಂದು ಕೇಳುತ್ತಿದ್ದಾಳೆ."

ರಾಮೋನ್ ಖುಷಿಯಿಂದ ತಾಟು ಮುಂದೆ ಚಾಚಿದ. ಅದು ಮೂರನೆಯ ಸಲ. ತಾರವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ನಕ್ಕಳು. "ನೋಡಲೇ, ಇಂವ ಖರೇನ ನಮ್ಮ ಮನಿತನದಾಂವ!"

ಮರುದಿನ ಗೇಟಿನ ಕೋಣೆಯಲ್ಲಿ ಬಾಳೇಶ ನಕ್ಷೆಯೆದುರು ನಿಂತ. ನೀಲಿಯ ಮೇಲಿನ ಟಿಕಳಿಯನ್ನು ಉಗುರಿನಿಂದ ಎಬ್ಬಿಸಿ, ಹೆಸರು ಹುಟ್ಟಿದ ರಬಕವಿಯ ಮೇಲೆ ಹಚ್ಚಿದ. ಹಚ್ಚಿದರೂ ಅದು ಒಂದೇ. ಆ ಗಿಡ್ಡ ಸಾಹೇಬನಿಗೆ ನಲವತ್ತೊಂದು. ಪಟ್ಟಿಯಿಂದ ಹೆಸರು ಪಡೆದವನಿಗೆ ನಲವತ್ತೊಂದು! ನಿನ್ನೆಯ ನಾಚಿಕೆಯ ಕೆಳಗಿನಿಂದ ಹಳೆಯ ಹೊಟ್ಟೆಕಿಚ್ಚು ಮತ್ತೆ ತಲೆಯೆತ್ತಿತು. 'ಈಗ ಎಲ್ಲಾರೂ ಬಾಳಗೇರಿನ' ಎಂದಿದ್ದಳಲ್ಲ ಅವ್ವ?

ಬಾಳೇಶ ನಕ್ಷೆಯನ್ನು ಮೊಳೆಯಿಂದ ಇಳಿಸಿ, ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ರಸ್ತೆ ದಾಟಿದ. ಒಂಬತ್ತು ವರ್ಷದ ಮೇಲೆ ತನ್ನ ಹೋಟೆಲಿನ ಬಾಗಿಲಲ್ಲಿ ನಿಂತ ತಮ್ಮನನ್ನು ನೋಡಿ ಜಕ್ಕಪ್ಪ ಒಲೆಯ ಉರಿ ಸಣ್ಣ ಮಾಡಿದ.

"ಜಕ್ಕಪ್ಪಣ್ಣಾ, ನಮ್ಮೂರ ಮಂದಿ ಎಲ್ಲೆಲ್ಲಿ ಅದಾರ?"

"ಯಾಕ?"

"ಎಣಿಸಬೇಕಾಗೇತಿ."

ಜಕ್ಕಪ್ಪ ಅವನ ಮುಖವನ್ನೇ ನೋಡಿದ. "ತಾರವ್ವಚಿಗವ್ವ ಹೇಳಿದ್ಲೇನು, ಪುಂಡಿಪಲ್ಯಾ?"

ಬಾಳೇಶ ತಲೆ ತಗ್ಗಿಸಿದ. "ಅವತ್ತ ನಾಕು ಮಂದಿ ಮುಂದ ನಿನಗ ಅಷ್ಟು ಅಂದೆ. ತಿರುಗಿ ಒಂದ ಮಾತು ಹೇಳಿದ್ರ ನನ್ನ ಬಾಯಿ ಮುಚ್ಚತಿತ್ತು. ಯಾಕ ಹೇಳಲಿಲ್ಲ?"

"ನಾವು ಊರಾಗ ಹುಟ್ಟಿ ಬೆಳದಾವ್ರು. ಮುಳುಗಿದ್ರೂ ನಮಗ ಬಾವಿ ನೆನಪೈತಿ, ಕಟ್ಟಿ ನೆನಪೈತಿ," ಎಂದ ಜಕ್ಕಪ್ಪ. "ನಿನ್ನ ಹತ್ರ ಊರಂತ ಇದ್ದದ್ದು ಆ ಹೆಸರೊಂದ. ಅದನ್ನೂ ಕಸಗೊಂಡ್ರ ನಿನಗೇನು ಉಳೀತಿತ್ತೋ?"

ಜಕ್ಕಪ್ಪ ಒಂದು ಕಪ್ ಚಹಾ ಅವನೆದುರು ಇಟ್ಟು, ಮೇಜು ಒರೆಸಿ, ನಕ್ಷೆ ಬಿಡಿಸಿದ.

"ಬರಕೋ. ಜಮಖಂಡ್ಯಾಗ ಬಸಗೊಂಡಪ್ಪನ ಮನಿ, ಅವನ ತಮ್ಮಂದಿರದು ಎರಡು. ಮುಧೋಳದಾಗ ಯಂಕವ್ವ, ಗುರುಬಾಯಿ. ಬನಹಟ್ಟ್ಯಾಗ ಅನಸವ್ವನ ಮಕ್ಕಳು ಮೂರೂ ಮಂದಿ ಬ್ಯಾರೆ ಆಗ್ಯಾರ, ಮೂರು ಹಚ್ಚು."

ರಾಮೋನನದು ಊರಿನ ಎಣಿಕೆ, ಇವನದು ಮನೆಯ ಎಣಿಕೆ. ಹೊಟ್ಟೆಕಿಚ್ಚು ಅಷ್ಟೆಲ್ಲ ನೋಡುವುದಿಲ್ಲ ಬಿಡಿ. ಜಕ್ಕಪ್ಪ ಹೇಳುತ್ತ ಹೋದ, ಬಾಳೇಶ ಹಚ್ಚುತ್ತ ಹೋದ. ಯಾರ ಅಡ್ಡಹೆಸರು ಏನೆಂದು ಒಮ್ಮೆಯೂ ಕೇಳಲಿಲ್ಲ. ರಬಕವಿ-ಬನಹಟ್ಟಿ ಮುಚ್ಚಿ ಹೋಯಿತು, ಬೀಳಗಿಯಲ್ಲಿ ಟಿಕಳಿಯ ಮೇಲೆ ಟಿಕಳಿ ಬಿತ್ತು. ಮೂವತ್ತೊಂಬತ್ತು. ನಲವತ್ತು. ನಲವತ್ತೊಂದು.

"ಮುಗೀತು," ಎಂದ ಜಕ್ಕಪ್ಪ.

"ಇನ್ನೊಂದು ಬೇಕಣ್ಣಾ. ಸರೀಕ ಸರಿ ಆದ್ರ ಹೆಂಗ? ಚಲೋತ್ನಾಗ ನೆನಪು ಮಾಡಿಕೋ."

ಜಕ್ಕಪ್ಪ ಹೆಗಲ ಮೇಲಿನ ವಸ್ತ್ರದಿಂದ ಕೈ ಒರೆಸಿಕೊಂಡ. "ನನ್ನ ಎಣಿಕ್ಯಾಗ ಹಿಡದಿಯೇನ?"

ಬಾಳೇಶ ಹಿಡಿದಿರಲಿಲ್ಲ. ಪಾಕೀಟಿನಿಂದ ಇನ್ನೊಂದು ಟಿಕಳಿ ಬಿಡಿಸಿ ಬಾಡಗಂಡಿಯ ಮೇಲೆ ಹಚ್ಚಿದ, ಅದು ಕೂಡುವ ತನಕ ಹೆಬ್ಬೆರಳಿನಿಂದ ಒತ್ತಿ ಹಿಡಿದ. ಚಹಾ ಆಗಲೇ ತಣ್ಣಗಾಗಿತ್ತು, ಅದನ್ನೇ ಕುಡಿದ.